ಚಿಕ್ಕಮಗಳೂರಿನ ಮತವೂ ಸದನದ ಅಧಿಕಾರವೂ

1978ರ ನವೆಂಬರಿನಲ್ಲಿ, ತೋಟಗಳಲ್ಲಿ ಕಾಫಿಹಣ್ಣು ಕೆಂಪೇರುತ್ತಿದ್ದ ಕಾಲದಲ್ಲಿ, ಮೂಡಿಗೆರೆ ಕಳಸಗಳನ್ನೊಳಗೊಂಡ ಚಿಕ್ಕಮಗಳೂರು ಕ್ಷೇತ್ರದ ಮತದಾರರು, ಡಿ. ಬಿ. ಚಂದ್ರೇಗೌಡರು ತೆರವುಮಾಡಿದ ಸ್ಥಾನಕ್ಕೆ, ವೀರೇಂದ್ರ ಪಾಟೀಲರನ್ನು ಸೋಲಿಸಿ, ಇಂದಿರಾ ಗಾಂಧಿಯವರನ್ನು ಆರಿಸಿ ಕಳುಹಿಸಿದರು. ಡಿಸೆಂಬರ್ 19ರಂದು ಲೋಕಸಭೆಯು ಹಕ್ಕುಚ್ಯುತಿಗಾಗಿ ಅವರನ್ನು ಉಚ್ಚಾಟಿಸಿ, ಅಧಿವೇಶನ ಮುಗಿಯುವ ತನಕ ತಿಹಾರ್ ಸೆರೆಮನೆಗೂ ಅಟ್ಟಿತು.

ಪ್ರಜೆಗಳು ಆರಿಸಿದವರನ್ನು ಸದನವು ಹೊರದೂಡಬಹುದೇ? ಅಮೆರಿಕದ ಸಂವಿಧಾನಕರ್ತರು 1787ರಲ್ಲಿಯೇ ಇದನ್ನು ಮುಂಗಂಡು, ಮೊದಲನೆಯ ವಿಧಿಯ ಐದನೆಯ ಪ್ರಕರಣದಲ್ಲಿ, ಉಚ್ಚಾಟನೆಗೆ ಮೂರರಲ್ಲೆರಡು ಪಾಲು ಮತ ಬೇಕೆಂದು ವಿಧಿಸಿದರು. ಆದರೂ ಹಾರ್ಲೆಮ್‌ನಿಂದ ಚುನಾಯಿತರಾದ ಆಡಂ ಕ್ಲೇಟನ್ ಪೊವೆಲ್ಲರಿಗೆ 1967ರಲ್ಲಿ ಅಲ್ಲಿಯ ಪ್ರತಿನಿಧಿ ಸಭೆಯು ಆಸನವನ್ನೇ ನಿರಾಕರಿಸಲಾಗಿ, ವಯಸ್ಸು, ಪೌರತ್ವ, ವಾಸವೆಂಬ ಸಂವಿಧಾನೋಕ್ತ ಅರ್ಹತೆಗಳುಳ್ಳವರನ್ನು ಬಾಗಿಲಲ್ಲಿಯೇ ತಡೆಯುವ ಅಧಿಕಾರ ಸಭೆಗಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1969ರಲ್ಲಿ ತೀರ್ಪಿತ್ತಿತು. ನಮ್ಮ ಸಂವಿಧಾನದಲ್ಲಾದರೋ ಉಚ್ಚಾಟನೆಯ ಮಾತು ಸ್ಪಷ್ಟವಾಗಿಲ್ಲ. 105ನೆಯ ವಿಧಿಯು ಸದನದ ಹಕ್ಕುಗಳನ್ನು ಬ್ರಿಟನ್ನಿನ ಕಾಮನ್ಸ್ ಸಭೆಯ ಸಂಪ್ರದಾಯಕ್ಕೆ ಜೋಡಿಸಿತ್ತು. ಮತದಾರನ ಪಾಲಿಗೆ ಅಮೆರಿಕದ ಬಿಗಿಯೇ ಲೇಸೆಂದು ನನಗೆ ತೋರುತ್ತದೆ.

1981ರ ಮೇ ತಿಂಗಳಲ್ಲಿ ಮುಂದಿನ ಲೋಕಸಭೆಯು 1978ರ ಉಚ್ಚಾಟನೆಯ ನಿರ್ಣಯವನ್ನು ರದ್ದುಗೊಳಿಸಿತು. ಅಷ್ಟರಲ್ಲಿ ಇಂದಿರಾ ಅವರು ಮೇದಕ್ ಕ್ಷೇತ್ರದ ಸದಸ್ಯೆಯೂ ದೇಶದ ಪ್ರಧಾನಿಯೂ ಆಗಿದ್ದರು.