ಮನೆಯಂಗಳದ ಕಬ್ಬಿನ ಸಸಿಗೆ ಬೂಷ್ಟು, ಕಾಡಿಗೆ ಮತ್ತು ಕೀಟಗಳ ಬಾಧೆ

ಕಬ್ಬಿನ ತುಂಡುಗಳನ್ನು ನೇರವಾಗಿ ಸಾಲಿನಲ್ಲಿ ಊರುವ ಬದಲು, ಒಂಟಿ ಕಣ್ಣಿನ ತುಂಡುಗಳಿಂದ ಮನೆಯ ಅಂಗಳದಲ್ಲಿಯೋ ತೋಟದ ಗುಡಿಸಲ ಬದಿಯಲ್ಲಿಯೋ ಸಸಿ ಎಬ್ಬಿಸಿ, ನಂತರ ಹೊಲಕ್ಕೆ ಒಯ್ದು ನಾಟಿ ಮಾಡುವ ಪದ್ಧತಿ ನಮ್ಮ ಸಭಾಸದ ರೈತ ಬಾಂಧವರಿಗೆ ಈಗ ಹೊಸದಲ್ಲ. ಬೋರಿ ನದಿಯ ಕುರನೂರ ಆಣೆಕಟ್ಟಿನ ನೀರನ್ನು ನಂಬಿ ಕಬ್ಬು ಮಾಡುವವರಿಗೆ ಇದರ ಲಾಭ ಸ್ಪಷ್ಟವಾಗಿಯೇ ಇದೆ. ಒಂದು ಎಕರೆಯಲ್ಲಿ ಎರಡು ಅಂಗುಲ ನೀರು ನಿಲ್ಲಿಸಿದರೆ ಸುಮಾರು 2 ಲಕ್ಷ ಲೀಟರು ಆಗುತ್ತದೆ. ಅದೇ ಎಕರೆಗೆ ಬೇಕಾದ ಸಸಿಗಳು ಒಂದು ಗುಂಟೆಯೊಳಗೆ ಹಿಡಿಸುತ್ತವೆ, ಅವುಗಳಿಗೆ ಕೊಡುವ ನೀರನ್ನು ಕೊಡದ ಲೆಕ್ಕದಲ್ಲಿ ಎಣಿಸಬಹುದು. ಮೊದಲ ಒಂದು ತಿಂಗಳು ಹೊಲಕ್ಕೆ ನೀರು ಹಾಯಿಸುವುದೇ ಉಳಿಯುತ್ತದೆ.

ಆದರೆ ಸಾವಿರಾರು ಎಳೆಯ ಸಸಿಗಳನ್ನು ಒತ್ತೊತ್ತಾಗಿ, ತೇವದಲ್ಲಿ, ನೆರಳಿನಲ್ಲಿ ಇಡುವುದೆಂದರೆ ಬೂಷ್ಟಿಗೂ ಅಷ್ಟೇ ಅನುಕೂಲ ಮಾಡಿಕೊಟ್ಟಂತೆ. ಟ್ರೇಗಳಲ್ಲಿ ಬೂಷ್ಟು ಬಂದಿದೆ, ಯಾವ ಔಷಧ ಹೊಡೆಯಬೇಕು ಎಂದು ಅನೇಕರು ಕೇಳುತ್ತಾರೆ. ಕಣ್ಣಿಗೆ ಕಂಡ ಮೇಲೆ ಹೊಡೆಯುವ ಔಷಧದಿಂದ ಆಗುವ ಉಪಯೋಗ ಬಹಳ ಕಡಿಮೆ. ಸಸಿಯನ್ನು ಕೊಲ್ಲುವ ಶಿಲೀಂಧ್ರವು ಬಹುತೇಕ ತುಂಡಿನ ಒಳಗೆ ಅಥವಾ ಅದರ ಕತ್ತರಿಸಿದ ಬಾಯಿಯ ಮೂಲಕ ಬಂದಿರುತ್ತದೆ. ಆದ್ದರಿಂದ ಬೀಜ ಆರಿಸುವ ಮತ್ತು ತುಂಡು ಮಾಡುವ ದಿನದ ಎಚ್ಚರವೇ ಮುಖ್ಯ.

ಮೊದಲು ಬೀಜದ ಮಾತು. ಐದು ಅಡಿ ಸಾಲು, ಎರಡು ಅಡಿ ಅಂತರದಲ್ಲಿ ನಾಟಿ ಮಾಡಿದರೆ ಎಕರೆಗೆ 4356 ಸಸಿಗಳು ಬೇಕು. ಹುಟ್ಟದೆ ಹೋಗುವವು, ಸಾಯುವವು ಎಂದು ಹಿಡಿದು 4800 ಕಣ್ಣು ಹಾಕೋಣ. ಒಂದು ಕಬ್ಬಿನಲ್ಲಿ ಹನ್ನೆರಡು ಒಳ್ಳೆಯ ಕಣ್ಣು ಸಿಕ್ಕರೂ 400 ಕಬ್ಬು ಸಾಕು. ಇಷ್ಟು ಕಡಿಮೆ ಕಬ್ಬು ಬೇಕಾಗುವಾಗ ಒಂದೊಂದನ್ನೂ ಕೈಯಲ್ಲಿ ಹಿಡಿದು ನೋಡಿ ಆರಿಸುವುದಕ್ಕೆ ಸೋಮಾರಿತನ ಮಾಡಬಾರದು. ಕಾರ್ಖಾನೆಗೆ ಕಳಿಸುವ ಬಲಿತ ಕಬ್ಬಿನಿಂದಲೋ ಕುಳೆ ಕಬ್ಬಿನಿಂದಲೋ ಬೀಜ ತೆಗೆಯಬೇಡಿರಿ. ಬೀಜಕ್ಕೆಂದೇ ಬೆಳೆಸಿದ, 8ರಿಂದ 10 ತಿಂಗಳ, ರಸಭರಿತ ಲಾವಣಿ ಕಬ್ಬು ಬೇಕು. ಬುಡದ ಗಣಿಕೆಗಳ ಕಣ್ಣು ಹಳೆಯದಾಗಿ ಗಟ್ಟಿಯಾಗಿರುತ್ತವೆ, ಮೇಲಿನ ಭಾಗದವು ಬೇಗ ಮೊಳೆಯುತ್ತವೆ.

ಬೀಜದ ತಾಕಿನಲ್ಲಿ ನಾಲ್ಕಾರು ಕಬ್ಬುಗಳನ್ನು ಉದ್ದಕ್ಕೆ ಸೀಳಿ ನೋಡಿರಿ. ಒಳಗೆ ಕೆಂಪಗಾಗಿ, ಆ ಕೆಂಪಿನ ನಡುವೆ ಅಡ್ಡಡ್ಡ ಬಿಳಿ ಮಚ್ಚೆಗಳು ಕಂಡು, ಹುಳಿ ಹೆಂಡದಂಥ ವಾಸನೆ ಬಂದರೆ ಅದು ಕೆಂಪು ಕೊಳೆ ರೋಗ. ಆ ತಾಕಿನಿಂದ ಒಂದು ಕಣ್ಣನ್ನೂ ತರಬಾರದು. ಇದಕ್ಕಿಂತ ಮೋಸದ್ದು ಕಾಡಿಗೆ ರೋಗ. ನಮ್ಮಲ್ಲಿ ಮರಾಠಿಯ ರೂಢಿಯಂತೆ ‘ಕಾಣಿ’ ಎಂದೂ ಅನ್ನುತ್ತಾರೆ. ಸುಳಿಯಿಂದ ಕಪ್ಪು ಚಾಟಿಯಂಥ ಕಡ್ಡಿ ಹೊರಬಿದ್ದು, ಅದರ ಮೇಲಿನ ಕಪ್ಪು ಪುಡಿ ಗಾಳಿಗೆ ಹಾರಿ ಸುತ್ತಲಿನ ಕಬ್ಬಿನ ಕಣ್ಣುಗಳ ಮೇಲೆ ಕೂಡ್ರುತ್ತದೆ. ಹೀಗೆ ಸೋಂಕಿದ ಕಣ್ಣು ಹೊರಗಿನಿಂದ ನಿರೋಗಿಯಂತೆಯೇ ಕಾಣುತ್ತದೆ, ಟ್ರೇಯಲ್ಲಿಯೂ ಚೆನ್ನಾಗಿಯೇ ಹುಟ್ಟುತ್ತದೆ. ಹೊಲದಲ್ಲಿ ಕೆಲವು ತಿಂಗಳಾದ ಮೇಲೆ ಚಾಟಿ ಹೊರಡುತ್ತದೆ, ಕುಳೆಯಲ್ಲಿ ಇನ್ನೂ ಹೆಚ್ಚುತ್ತದೆ. ಒಂದು ಲಾವಣಿ, ಎರಡು ಕುಳೆ ತೆಗೆಯುವವನು ಮೂರು ವರ್ಷದ ನಷ್ಟವನ್ನು ಒಂದೇ ದಿನ ಟ್ರೇಯಲ್ಲಿ ಊರಿರುತ್ತಾನೆ. ಪಕ್ಕದ ಹೊಲದವನಿಗೂ ಅದು ತಪ್ಪಿದ್ದಲ್ಲ. ಮಹಾರಾಷ್ಟ್ರದಲ್ಲಿ ಬಹುಕಾಲ ಹೆಸರಾಗಿದ್ದ ಕೋ 740 ತಳಿಯನ್ನು ಕಾಡಿಗೆಯೂ, ಸಕ್ಕರೆ ಇಳುವರಿಗೆ ಹೆಸರಾದ ಕೋಸಿ 671 ತಳಿಯನ್ನು ಕೆಂಪು ಕೊಳೆಯೂ ಕಾಡಿದ್ದನ್ನು ಹಿರಿಯ ರೈತರು ಮರೆತಿರಲಾರರು.

ತುಂಡಿನ ಒಳಗಿರುವ ಕಾಡಿಗೆಗೆ ಮತ್ತು ಹುಲ್ಲು ಮೊಳಕೆ ರೋಗಕ್ಕೆ ಇರುವ ಖಾತ್ರಿ ಉಪಾಯ ಶಾಖೋಪಚಾರ. ತೇವಭರಿತ ಬಿಸಿ ಗಾಳಿಯ ಯಂತ್ರದಲ್ಲಿ 54 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯಲ್ಲಿ 4 ತಾಸು ಇಡುತ್ತಾರೆ. ಇದನ್ನು ಮನೆಯ ಹಂಡೆಯಲ್ಲಿ ಮಾಡಲು ಹೋಗಬೇಡಿರಿ. ಶಾಖ ಎರಡು ಮೂರು ಡಿಗ್ರಿ ಹೆಚ್ಚಾದರೆ ಕಣ್ಣು ಬೆಂದುಹೋಗುತ್ತದೆ, ಕಡಿಮೆಯಾದರೆ ರೋಗ ಉಳಿಯುತ್ತದೆ. ಹೀಗೆ ಉಪಚರಿಸಿದ ಕಬ್ಬಿನಿಂದ ಮೂಲ ಬೀಜ, ಅದರಿಂದ ತಳಪಾಯದ ಬೀಜ, ಅದರಿಂದ ಪ್ರಮಾಣಿತ ಬೀಜ ಎಂದು ಮೂರು ಹಂತದಲ್ಲಿ ಬೆಳೆಸುತ್ತಾರೆ. 1932ರಲ್ಲಿ ಸ್ಥಾಪಿತವಾದ ಪಾಡೇಗಾಂವ ಕಬ್ಬು ಸಂಶೋಧನ ಕೇಂದ್ರ ಮತ್ತು 1975ರಲ್ಲಿ ಸ್ಥಾಪಿತವಾದ, ಪುಣೆ ಹತ್ತಿರದ ಮಾಂಜರಿಯ ವಸಂತದಾದಾ ಶುಗರ್ ಇನ್‌ಸ್ಟಿಟ್ಯೂಟ್ ಇಂಥ ಬೀಜದ ಮೂಲಗಳು. ಮೂರು ನಾಲ್ಕು ವರ್ಷಕ್ಕೊಮ್ಮೆ ಬೀಜ ಬದಲಿಸಲೇಬೇಕು. ಬೀಗರ ಹೊಲದಿಂದ ಪುಕ್ಕಟೆ ಸಿಕ್ಕಿತೆಂದು ತರುವ ಬೀಜ ಎಷ್ಟೋ ಸಲ ಬಹಳ ತುಟ್ಟಿಯಾಗುತ್ತದೆ.

ತುಂಡು ಮಾಡುವಾಗ ಕಣ್ಣಿಗೆ ಪೆಟ್ಟಾಗದಂತೆ, ಗಣಿಕೆ ಸೀಳದಂತೆ ಹರಿತವಾದ ಕತ್ತಿಯಿಂದ ಕತ್ತರಿಸಬೇಕು. ಕೆಲವು ರೋಗಗಳು, ವಿಶೇಷವಾಗಿ ಕುಳೆಯನ್ನು ಗಿಡ್ಡಾಗಿಸುವ ರೋಗ, ಕತ್ತಿಯ ಬಾಯಿಯಿಂದಲೇ ಹರಡುತ್ತವೆ. ಒಂದು ಹೊರೆ ಮುಗಿದಾಗಲೊಮ್ಮೆ ಕತ್ತಿಯನ್ನು ಕುದಿಯುವ ನೀರಿನಲ್ಲಿ ಅದ್ದಿ ತೆಗೆಯಿರಿ. ಕಡಿದ ಕಬ್ಬನ್ನು ಎರಡು ಮೂರು ದಿನ ಒಣಗಲು ಬಿಟ್ಟು ಆಮೇಲೆ ತುಂಡು ಮಾಡಿದರೆ ಅನಾನಸ್ ರೋಗಕ್ಕೆ ದಾರಿ ತೆರೆದಂತೆ. ಈ ರೋಗದ ಶಿಲೀಂಧ್ರ ತುಂಡಿನ ಎರಡೂ ಬಾಯಿಗಳಿಂದ ಒಳಹೊಗುತ್ತದೆ. ಹುಟ್ಟದ ತುಂಡನ್ನು ಸೀಳಿದಾಗ ಮೊದಲು ಕೆಂಪು, ಬರಬರುತ್ತ ಕಪ್ಪಾದ ತಿರುಳು ಕಾಣುತ್ತದೆ. ಮೊದಮೊದಲು ಮಾಗಿದ ಅನಾನಸ್ ಹಣ್ಣಿನ ವಾಸನೆ ಬರುವುದರಿಂದಲೇ ಈ ಹೆಸರು.

ಇದಕ್ಕೆ ಬೀಜೋಪಚಾರವೇ ಮದ್ದು. ನೂರು ಲೀಟರು ನೀರಿಗೆ 100 ಗ್ರಾಂ ಕಾರ್ಬೆಂಡಾಜಿಮ್ ಮತ್ತು 300 ಮಿಲಿ ಮೆಲಾಥಿಯಾನ್ ಬೆರೆಸಿ, ತುಂಡುಗಳನ್ನು ಬುಟ್ಟಿಯಲ್ಲಿ ಹಾಕಿ 10ರಿಂದ 15 ನಿಮಿಷ ಮುಳುಗಿಸಿ ಇಡಬೇಕು. ಕಾರ್ಬೆಂಡಾಜಿಮ್ ಶಿಲೀಂಧ್ರಕ್ಕೆ, ಮೆಲಾಥಿಯಾನ್ ಗಣಿಕೆಗೆ ಅಂಟಿಕೊಂಡು ಬರುವ ಹಿಟ್ಟು ತಿಗಣೆ ಮತ್ತು ಶಲ್ಕ ಕೀಟಕ್ಕೆ. ಅಸಿಟೋಬ್ಯಾಕ್ಟರ್‌ನಂಥ ಜೀವಾಣು ಗೊಬ್ಬರ ಕೊಡುವುದಿದ್ದರೆ ತುಂಡುಗಳನ್ನು ಮೊದಲು ನೆರಳಿನಲ್ಲಿ ಆರಿಸಿ, ಆಮೇಲೆ ಬೇರೆ ನೀರಿನಲ್ಲಿ ಅದ್ದಬೇಕು. ಟ್ರೈಕೋಡರ್ಮಾವನ್ನಂತೂ ಕಾರ್ಬೆಂಡಾಜಿಮ್ ಜೊತೆಗೆ ಎಂದೂ ಕೂಡಿಸಬಾರದು. ಅದೂ ಒಂದು ಶಿಲೀಂಧ್ರವೇ ಆದ್ದರಿಂದ ಔಷಧ ಅದನ್ನೂ ಕೊಲ್ಲುತ್ತದೆ, ಹಣ ನೀರಿಗೆ ಹೋಗುತ್ತದೆ.

ಈ ಕೆಲಸ ಮನೆಯಲ್ಲಿ ನಡೆಯುವುದರಿಂದ ಇನ್ನೊಂದು ಮಾತು. ಔಷಧದ ಬ್ಯಾರಲ್ಲು, ಬುಟ್ಟಿ, ಕೈಚೀಲ ಬೇರೆಯೇ ಇರಲಿ. ಮಕ್ಕಳನ್ನು ಹತ್ತಿರ ಬಿಡಬೇಡಿರಿ. ಉಪಚರಿಸಿ ಉಳಿದ ತುಂಡುಗಳನ್ನು ದನಗಳ ಮುಂದೆ ಹಾಕಬಾರದು, ಉಳಿದ ನೀರನ್ನು ಬಾವಿಯ ಬದಿಗೆ, ಹಳ್ಳಕ್ಕೆ ಚೆಲ್ಲಬಾರದು. ಹೆಣ್ಣುಮಕ್ಕಳೇ ಹೆಚ್ಚಾಗಿ ತುಂಡು ಊರುವವರು, ಅವರ ಕೈಗೆ ರಬ್ಬರ್ ಚೀಲ ಕೊಡುವುದು ಮನೆಯ ಯಜಮಾನನ ಹೊಣೆ.

ಟ್ರೇಗೆ ತುಂಬುವ ತೆಂಗಿನ ನಾರಿನ ಪುಡಿಯನ್ನು ಮುಷ್ಟಿಯಲ್ಲಿ ಹಿಂಡಿದರೆ ಉಂಡೆಯಾಗಬೇಕು, ಬೆರಳ ಸಂದಿಯಿಂದ ನೀರು ಇಳಿಯಬಾರದು. ಹಸಿ ಸಗಣಿ ಗೊಬ್ಬರ ಬೆರೆಸಿದರೆ ಬೂಷ್ಟು, ಗೆದ್ದಲು ಎರಡನ್ನೂ ಕರೆದಂತೆ. ಪೂರ್ಣ ಕಳಿತ ಗೊಬ್ಬರವೇ ಬೇಕು. ಕಣ್ಣು ಮೇಲ್ಮುಖವಾಗಿ ಇಟ್ಟು, ತೆಳುವಾಗಿ ಪುಡಿ ಮುಚ್ಚಿ, ಟ್ರೇಗಳನ್ನು ಒಂದರ ಮೇಲೊಂದು ಪೇರಿಸಿ ತಾಡಪತ್ರಿ ಹೊದಿಸಿ ಕಾವು ಕೊಡುತ್ತಾರಲ್ಲ, ಹೆಚ್ಚಿನ ಹಾನಿ ಆಗುವುದು ಈ ಹಂತದಲ್ಲೇ. ಮೂರನೆಯ ದಿನದಿಂದ ದಿನಾಲು ಒಂದು ಮೂಲೆಯನ್ನು ಎತ್ತಿ ನಡುವಿನ ಟ್ರೇಯನ್ನು ನೋಡಬೇಕು. ಬೇಸಿಗೆಯಲ್ಲಿ ಮೊಳಕೆ ಬೇಗ ಬರುತ್ತದೆ, ಚಳಿಯಲ್ಲಿ ತಡ. ಬಿಳಿ ಮೊಳಕೆ ಕಂಡ ದಿನವೇ ಹೊದಿಕೆ ತೆಗೆದು ಟ್ರೇಗಳನ್ನು ಹರವಬೇಕು. ವಾರ ತುಂಬಲಿ ಎಂದು ಪಂಚಾಂಗ ನೋಡಿ ಕೂತರೆ ಕಾವಿನಲ್ಲಿ ಮೊಳಕೆ ಕೊಳೆಯುತ್ತದೆ. ಹೊದಿಕೆ ತೆಗೆದಾಗ ಪುಡಿಯ ಮೇಲೆ ಹತ್ತಿಯಂಥ ಬಿಳಿ ಬೂಷ್ಟು ಕಂಡು, ಮೊಳಕೆ ಮಾತ್ರ ಗಟ್ಟಿಯಾಗಿದ್ದರೆ ಗಾಬರಿ ಬೇಡ. ಅದು ಹೆಚ್ಚಾಗಿ ಪುಡಿಯನ್ನು ತಿಂದು ಬದುಕುವ ಬೂಷ್ಟು, ಗಾಳಿ ಬೆಳಕು ಬಿದ್ದರೆ ಎರಡು ದಿನದಲ್ಲಿ ಹೋಗುತ್ತದೆ. ಬೆರಳಿಗೆ ಮೆತ್ತಗೆ ಹತ್ತಿದ, ಕೆಟ್ಟ ವಾಸನೆಯ ತುಂಡುಗಳನ್ನು ಕಿತ್ತು ದೂರ ಹುಗಿಯಿರಿ.

ಆ ಮೇಲೆ ನೀರು ಬೆಳಿಗ್ಗೆ ಕೊಡುವುದು ಒಳ್ಳೆಯದು. ಸಂಜೆ ಕೊಟ್ಟರೆ ಎಲೆ ರಾತ್ರಿಯಿಡೀ ಒದ್ದೆಯಾಗಿರುತ್ತದೆ. ಟ್ರೇಗಳು ನೆಲಕ್ಕೆ ಹತ್ತದಂತೆ ಇಟ್ಟಿಗೆಯ ಮೇಲೆ ಇಡಿರಿ, ನಡುವೆ ಒಬ್ಬರು ಓಡಾಡುವಷ್ಟು ದಾರಿ ಬಿಡಿರಿ. ದನದ ಕೊಟ್ಟಿಗೆಗೆ ಒತ್ತಿ, ಗಾಳಿಯಾಡದ ಗೋಡೆಯ ಮೂಲೆಯಲ್ಲಿ ಸಸಿ ಮಡಿ ಮಾಡುವುದು ಬೇಡ. ಟ್ರೇಗಳ ಮೇಲೆ ಸಣ್ಣ ಕಪ್ಪು ನೊಣಗಳು ಏಳುತ್ತಿದ್ದರೆ ನೀರು ಹೆಚ್ಚಾಗಿದೆ ಎಂದೇ ತಿಳಿಯಬೇಕು.

ಕೀಟಗಳಿಗಿಂತ ಮನೆಯ ಕೋಳಿಗಳೇ ಮೊದಲ ಶತ್ರು, ಸುತ್ತ ಜಾಲರಿ ಇರಲಿ. ಎಲೆಗಳ ಕೆಳಗೆ ಬಿಳಿ ಉಣ್ಣೆಯಂಥ ಹೇನು ಕಂಡರೆ ಆ ಸಸಿಗಳನ್ನು ಹೊಲಕ್ಕೆ ಒಯ್ಯಬಾರದು. 2002ರಲ್ಲಿ ಸಾಂಗಲಿ ಕಡೆ ಎದ್ದು ಮಹಾರಾಷ್ಟ್ರ, ಕರ್ನಾಟಕಗಳ ಕಬ್ಬನ್ನು ಹಾಳುಮಾಡಿದ ಉಣ್ಣೆ ಹೇನು ಅದೇ. ಅದು ಸುರಿಸುವ ಸಿಹಿ ಅಂಟಿನ ಮೇಲೆ ಕಪ್ಪು ಬೂಷ್ಟು ಬೆಳೆದು ಎಲೆ ಮಸಿ ಬಳಿದಂತಾಗುತ್ತದೆ. ಆ ಬೂಷ್ಟಿಗೆ ಔಷಧ ಹೊಡೆದು ಪ್ರಯೋಜನವಿಲ್ಲ, ಹೇನು ಹೋದರೆ ಬೂಷ್ಟೂ ಹೋಗುತ್ತದೆ. ಆಗ ಅದನ್ನು ಹತೋಟಿಗೆ ತಂದದ್ದರಲ್ಲಿ ಡೈಫಾ ಮತ್ತು ಮೈಕ್ರೋಮಸ್ ಎಂಬ ಮಿತ್ರಕೀಟಗಳ ಪಾಲು ದೊಡ್ಡದು.

ಸಸಿ 30ರಿಂದ 45 ದಿನಗಳಲ್ಲಿ ನಾಟಿಗೆ ಬರುತ್ತದೆ. ಹೊಲಕ್ಕೆ ಒಯ್ಯುವ ಮುನ್ನ ನಾಲ್ಕಾರು ದಿನ ನೆರಳಿನ ಜಾಲರಿ ಸರಿಸಿ ಬಿಸಿಲಿಗೆ ರೂಢಿ ಮಾಡಿಸಿರಿ, ನೀರು ಸ್ವಲ್ಪ ಕಡಿಮೆ ಮಾಡಿರಿ, ಎಲೆಯ ತುದಿ ಕತ್ತರಿಸಿರಿ. ಮಿಕ್ಕ ಸಸಿಗಳನ್ನು ಹದಿನೈದು ದಿನ ಕಾಯ್ದಿಟ್ಟರೆ ಹುಸಿ ತುಂಬಲು ಬರುತ್ತವೆ. ನಾಟಿಯ ನಂತರ ಎಲ್ಲಿಯಾದರೂ ಕಪ್ಪು ಚಾಟಿ ಕಂಡರೆ ಬರಿಗೈಯಿಂದ ಕೀಳಬೇಡಿರಿ, ಪುಡಿ ಹಾರುತ್ತದೆ. ಮೊದಲು ಚಾಟಿಯ ಮೇಲೆ ಪ್ಲಾಸ್ಟಿಕ್ ಚೀಲ ಇಳಿಸಿ ಬಾಯಿ ಕಟ್ಟಿ, ಆಮೇಲೆ ಕತ್ತರಿಸಿ, ಬುಡವನ್ನು ಪೂರ್ತಿ ಅಗೆದು ತೆಗೆದು ಹೊಲದ ಹೊರಗೆ ಸುಡಬೇಕು.