ನಾಯಿಗೂ ಕನಸು ಬೀಳುತ್ತದೆಯೇ?

ಪ್ರಶ್ನೆ: ನಾಯಿಯ ಕನಸುಗಳ ವಿಚಿತ್ರ ಅನಿಮೇಷನ್ ಚಿತ್ರವೊಂದನ್ನು ನೋಡಿದೆ. ನಿಜಕ್ಕೂ ನಾಯಿಗೆ ಕನಸು ಬೀಳುತ್ತದೆಯೇ?
– ಓದುಗರು, ಭಾಲ್ಕಿ

ಉತ್ತರ: ಬೀಳುತ್ತದೆ ಎಂದೇ ನನ್ನ ನಂಬಿಕೆ. ಔರಾದ ಕಡೆಯ ಹೊಲದಲ್ಲಿ ತೊಗರಿ ರಾಶಿಯ ಪಕ್ಕ ಮಲಗಿದ ನಾಯಿಯನ್ನು ನೋಡಿ. ಮುಚ್ಚಿದ ರೆಪ್ಪೆಯಡಿ ಗುಡ್ಡೆ ಹೊರಳುತ್ತದೆ, ಮೀಸೆ ಅದುರುತ್ತದೆ, ಕಾಲು ನೆಲ ಕೆರೆಯುತ್ತದೆ, ಗಂಟಲೊಳಗೇ ಸಣ್ಣ ಬೊಗಳು. ಆಗ ಮಿದುಳು ಎಚ್ಚರದಷ್ಟೇ ಚುರುಕು. ಮಿದುಳುಕಾಂಡ ಮಾತ್ರ ಸ್ನಾಯುಗಳನ್ನು ಬಹುಮಟ್ಟಿಗೆ ಕಟ್ಟಿಹಾಕಿರುತ್ತದೆ. ಫ್ರಾನ್ಸಿನ ವಿಜ್ಞಾನಿ ಮಿಷೆಲ್ ಜೂವೆ ಬೆಕ್ಕುಗಳಲ್ಲಿ ಆ ಕಟ್ಟು ಸಡಿಲಿಸಿದಾಗ, ಅವು ನಿದ್ದೆಯಲ್ಲೇ ಎದ್ದು ಇಲ್ಲದ ಬೇಟೆಯ ಮೇಲೆರಗಿದವು! 2001ರಲ್ಲಿ ಅಮೆರಿಕದ ಎಂಐಟಿಯ ಸಂಶೋಧಕರಿಗೆ ಕಂಡದ್ದು, ಮಲಗಿದ ಇಲಿಯ ಮಿದುಳು ಎಚ್ಚರದಲ್ಲಿ ಓಡಿದ ದಾರಿಯನ್ನೇ ಮತ್ತೆ ಓಡುವುದು. ಹಾಗಿದ್ದರೆ ಬೀದರಿನ ಬಯಲಲ್ಲಿ ಕೃಷ್ಣಮೃಗವನ್ನು ಅಟ್ಟಿದ ನಾಯಿಯ ಕನಸಿನಲ್ಲಿ ಬಣ್ಣಕ್ಕಿಂತ ವಾಸನೆಯೇ ತುಂಬಿರಬಹುದು. ಹಾಗೆ ಕಾಲಾಡಿಸುವಾಗ ಮುಟ್ಟಿ ಎಬ್ಬಿಸಬೇಡಿ, ಬೆದರಿ ಕಚ್ಚೀತು. ದೂರದಿಂದಲೇ ಹೆಸರು ಹಿಡಿದು ಮೆಲ್ಲಗೆ ಕರೆಯಿರಿ.