ಹಪ್ಪಳದ ಡಬ್ಬವೂ ಅಧ್ಯಕ್ಷೆಯ ಬಿಂಕವೂ

ಸೋದರಿಯರೇ, ನಮ್ಮೂರಿನ ಮಹಿಳಾ ಸಮಾಜಕ್ಕೆ ನಾನು ಅಧ್ಯಕ್ಷೆಯಾದ ವರ್ಷ ನಡೆದದ್ದನ್ನು ನಿಮ್ಮ ಹತ್ತಿರ ಮುಚ್ಚಿಡದೆ ಹೇಳಿಬಿಡುತ್ತೇನೆ. ಮದುವೆಮನೆಯೊಂದಕ್ಕೆ ಐನೂರು ಉದ್ದಿನ ಹಪ್ಪಳ ಒಪ್ಪಿಕೊಂಡಿದ್ದೆವು. ಎರಡು ದಿನ ಬಿಡದೆ ಮೋಡ. "ಅಕ್ಕಾ, ಇನ್ನೂ ಹಸಿ ಇದೆ, ಇನ್ನೊಂದು ಬಿಸಿಲು ಕಾಣಲಿ" ಅಂದಳು ನಮ್ಮಲ್ಲಿ ಎಲ್ಲರಿಗಿಂತ ಚಿಕ್ಕವಳು. "ನೀನು ಹುಟ್ಟೋಕೆ ಮೊದಲಿಂದ ಹಪ್ಪಳ ಒತ್ತಿದ ಕೈ ಕಣೇ ಇದು" ಅಂತ ಅವಳ ಬಾಯಿ ಮುಚ್ಚಿಸಿ ಡಬ್ಬ ತುಂಬಿಸಿದೆ. ನಾಲ್ಕೇ ದಿನಕ್ಕೆ ಬೂಷ್ಟು! ಮದುವೆಮನೆಯವರು ಬಂದು ಬೈದಾಗ ನನ್ನ ಬಾಯಲ್ಲಿ ಬಂದದ್ದೇನು ಗೊತ್ತೆ? "ಹುಡುಗಿ ಸರಿಯಾಗಿ ಒಣಗಿಸಲಿಲ್ಲ." ಅವಳು ಅಲ್ಲೇ ನಿಂತಿದ್ದಳು. ಮಾರನೇ ದಿನದಿಂದ ಸಮಾಜಕ್ಕೆ ಬರಲಿಲ್ಲ.

ಅದೇ ದಿನಗಳಲ್ಲಿ ಮಗ ಅಬ್ದುಲ್ ಕಲಾಂ ಅವರ ಹಳೆಯ ಭಾಷಣವೊಂದನ್ನು ಕೇಳಿಸಿದ. 1979ರ ಆಗಸ್ಟ್ 10, ಶ್ರೀಹರಿಕೋಟ. ಉಪಗ್ರಹ ಹೊತ್ತೊಯ್ಯಲು ನಮ್ಮ ದೇಶವೇ ಕಟ್ಟಿದ ಮೊದಲ ರಾಕೆಟ್ಟು ಎಸ್‌ಎಲ್‌ವಿ-3. ಆ ಯೋಜನೆಗೆ ಕಲಾಂ ಅವರೇ ನಿರ್ದೇಶಕರು. ಇನ್ನೇನು ಹಾರಿಸಬೇಕು, ಕಂಪ್ಯೂಟರ್ ಬೇಡ ಅಂದು ತಡೆಯಿತು. ಪರವಾಗಿಲ್ಲ ಅಂದ ತಜ್ಞರ ಮಾತು ನಂಬಿ ಕಲಾಂ ಹಾರಿಸಿಯೇಬಿಟ್ಟರು. ಮೊದಲ ಹಂತ ಸರಿಹೋಯಿತು, ಎರಡನೆಯದು ಕೈಕೊಟ್ಟಿತು. ವರ್ಷಗಟ್ಟಲೆ ದುಡಿದದ್ದು ಬಂಗಾಳ ಕೊಲ್ಲಿಯ ಪಾಲು.

ಆಗ ಇಸ್ರೋ ಅಧ್ಯಕ್ಷರಾಗಿದ್ದವರು ಸತೀಶ್ ಧವನ್, ನಮ್ಮ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೂ ಅವರೇ ನಿರ್ದೇಶಕರು. ಪತ್ರಕರ್ತರ ಮುಂದೆ ಕಲಾಂ ಅವರನ್ನು ನಿಲ್ಲಿಸದೆ ತಾವೇ ಉತ್ತರ ಕೊಟ್ಟರಂತೆ. ಸೋತಿದ್ದೇವೆ, ನನ್ನ ಜನರ ಮೇಲೆ ನನಗೆ ನಂಬಿಕೆಯಿದೆ, ವರ್ಷದೊಳಗೆ ಗೆಲ್ಲುತ್ತೇವೆ ಅಂದರಂತೆ. ನೋಡಿ, ಎಂಥ ಧೈರ್ಯ! 1980ರ ಜುಲೈ 18ಕ್ಕೆ ಅದೇ ರಾಕೆಟ್ಟು 35 ಕಿಲೋ ತೂಕದ ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಮುಟ್ಟಿಸಿತು. ಅವತ್ತು ಧವನ್ ಹೇಳಿದ್ದು, ಪತ್ರಕರ್ತರ ಹತ್ತಿರ ಇವತ್ತು ನೀವು ಹೋಗಿ ಅಂತ.

ಕೇಳಿ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಹಾಗಂತ ಅಧ್ಯಕ್ಷೆ ಅನ್ನಿಸಿಕೊಂಡವಳು ಎಲ್ಲದಕ್ಕೂ ತಲೆ ಆಡಿಸುತ್ತ ಕೂರೋಕೂ ಆಗುವುದಿಲ್ಲ. ನನಗಿಂತ ಹಿಂದಿನವರು ಬಲು ಸಾಧು. ಗೌರಿಹಬ್ಬಕ್ಕೆ ಕುಂಕುಮ ಎಷ್ಟು ತರಿಸೋಣ ಅನ್ನೋದಕ್ಕೇ ಮೂರು ಸಭೆ ಆಗುತ್ತಿತ್ತು! ನನಗೆ ಹಪ್ಪಳ ಬರುತ್ತದೆ, ಅದು ಸುಳ್ಳಲ್ಲ. ಆದರೆ ಅವತ್ತು ನಾನು ಹಪ್ಪಳವನ್ನು ಮುಟ್ಟಿ ನೋಡಲೇ ಇಲ್ಲ, ಹೇಳಿದವಳು ಯಾರು ಅಂತ ನೋಡಿದೆ ಅಷ್ಟೆ.

ಮದುವೆಮನೆಯವರ ದುಡ್ಡು ವಾಪಸು ಮಾಡಿದೆವು. ಆ ಹುಡುಗಿಯ ಮನೆಗೆ ನಾನೇ ಹೋದೆ. ಅವಳ ಅತ್ತೆಯ ಎದುರಿಗೇ "ತಪ್ಪು ನನ್ನದಮ್ಮ" ಅಂದೆ, ಮುಂದಿನ ಸಭೆಯಲ್ಲೂ ಅಂದೆ. ಅಲ್ಲಿ ಗಂಟಲು ಕಟ್ಟಿತು. ಬಂದಳು, ಆದರೆ ಮೊದಲಿನ ಸಲಿಗೆ ಬರಲು ತಿಂಗಳುಗಳೇ ಬೇಕಾದವು.

ಈಗ ಡಬ್ಬ ಮುಚ್ಚುವ ಮೊದಲು ಒಂದು ಹಪ್ಪಳ ಮುರಿದು ನೋಡುವುದು ಅವಳ ಕೆಲಸ. ಚಟ್ ಅಂತ ಮುರಿಯದಿದ್ದರೆ ಮತ್ತೆ ಬಿಸಿಲಿಗೆ. ಅವಳು ಬೇಡ ಅಂದರೆ ಬೇಡ, ನಾನು ಏನೇ ಅನ್ನಲಿ. ಹೋದ ವಾರ ಎರಡು ಸಲ ಬೇಡ ಅಂದಳು. ಎರಡನೇ ಸಲ ನನಗೆ ಸಿಟ್ಟು ಬಂದದ್ದೂ ನಿಜ.